ನರ್ಸರಿ ಟೀಚರಿಗೂ ಪೂರ್ತಿ ಸಂಬಳ

ಕೇಳುಗರೇ, ನಮಸ್ಕಾರ.

ಅಮೆರಿಕದ ಟೆನೆಸೀ ರಾಜ್ಯದಲ್ಲಿ ಬಡವರ ಮನೆಯ ನಾಲ್ಕು ವರ್ಷದ ಮಕ್ಕಳಿಗೆ ಸರ್ಕಾರವೇ ನರ್ಸರಿ ನಡೆಸುತ್ತದೆ. ಸೀಟು ಸಾಲದ ಕಡೆ ಲಾಟರಿ ಎತ್ತಿ ಮಕ್ಕಳನ್ನು ಸೇರಿಸಿಕೊಂಡರು. ಸೀಟು ಸಿಕ್ಕವರನ್ನೂ ಸಿಗದವರನ್ನೂ ಸಂಶೋಧಕರು ವರ್ಷಗಟ್ಟಲೆ ಗಮನಿಸಿದರು. 2022ರಲ್ಲಿ ಬಂದ ಫಲಿತಾಂಶ ನೋಡಿ ಎಷ್ಟೋ ಜನ ಬೇಜಾರಾದರು. ಆರನೇ ತರಗತಿಯ ಹೊತ್ತಿಗೆ ನರ್ಸರಿಗೆ ಹೋದ ಮಕ್ಕಳೇ ಓದಿನಲ್ಲಿ ಹಿಂದೆ ಬಿದ್ದಿದ್ದರು.

ಹಾಗಂತ ಸರ್ಕಾರಿ ನರ್ಸರಿಯೇ ದಂಡ ಅನ್ನೋಣವೇ? ಖಂಡಿತ ಬೇಡ. ಬಾಸ್ಟನ್ ನಗರದಲ್ಲೂ ಲಾಟರಿಯೇ ಇತ್ತು. ಅಲ್ಲಿ 1997ರಿಂದ 2003ರ ನಡುವೆ ಸೀಟು ಪಡೆದ ಮಕ್ಕಳ ಪರೀಕ್ಷೆಯ ಅಂಕಗಳಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ನಿಜ. ಆದರೆ ಮುಂದೆ ಕಾಲೇಜು ಮೆಟ್ಟಿಲು ಹತ್ತಿದವರು ಅವರಲ್ಲೇ ಜಾಸ್ತಿ.

ನರ್ಸರಿ ಇದೆಯೋ ಇಲ್ಲವೋ ಅನ್ನುವುದು ಅರ್ಧ ಪ್ರಶ್ನೆ ಅಷ್ಟೇ. ಒಳಗೆ ಏನು ನಡೆಯುತ್ತದೆ ಅನ್ನುವುದು ಉಳಿದರ್ಧ. ಒಂದು ಮಗು ಮರದ ತುಂಡುಗಳನ್ನು ಪೇರಿಸುತ್ತಿದೆ, ಎಲ್ಲವೂ ದಬ್ಬನೆ ಬಿದ್ದವು ಅಂದುಕೊಳ್ಳಿ. "ಗಲಾಟೆ ಮಾಡಬೇಡ, ಎತ್ತಿಡು" ಅನ್ನುವ ಟೀಚರ್ ಇರುತ್ತಾರೆ. ಪಕ್ಕದಲ್ಲಿ ಕೂತು "ಯಾಕೆ ಬಿತ್ತು ಪುಟ್ಟಿ? ಎಲ್ಲದಕ್ಕಿಂತ ಕೆಳಗೆ ಯಾವುದನ್ನು ಇಟ್ಟಿದ್ದೆ?" ಅಂತ ಕೇಳುವವರೂ ಇರುತ್ತಾರೆ. ಆ ಮಗು ಒಂದು ಕ್ಷಣ ಸುಮ್ಮನಿದ್ದು, "ಚಿಕ್ಕದು ಇಟ್ಟಿದ್ದೆ" ಅನ್ನುತ್ತದೆ. ದೊಡ್ಡದನ್ನು ಹುಡುಕುತ್ತದೆ. ಭಾಷೆ, ಲೆಕ್ಕ, ತಾಳ್ಮೆ ಮೂರೂ ಅಲ್ಲೇ ಕಲಿತಾಯಿತು.

ಹೀಗೆ ಕೇಳುವುದು ಸುಮ್ನೆ ಬರುವುದಿಲ್ಲ. ತರಬೇತಿ ಬೇಕು. ಮಕ್ಕಳ ಸಂಖ್ಯೆ ಕಮ್ಮಿ ಇರಬೇಕು. ಕಲಿತ ಟೀಚರ್ ಅಲ್ಲೇ ಉಳಿಯುವಂಥ ಸಂಬಳವೂ ಬೇಕು. ಸರ್ಕಾರದ ನೀತಿಗೆ ನಿಜವಾದ ಕೆಲಸ ಇರುವುದು ಇಲ್ಲೇ.

ನ್ಯೂಜೆರ್ಸಿಯನ್ನು ನೋಡಿ. ಬಡ ಪ್ರದೇಶಗಳ ಮೂರು, ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಶಾಲಾಪೂರ್ವ ಶಿಕ್ಷಣ ಕೊಡಬೇಕೆಂದು 1998ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಆದೇಶಿಸಿತು. ತರಗತಿಗೆ 15 ಮಕ್ಕಳಿಗಿಂತ ಜಾಸ್ತಿ ಇಲ್ಲ. ಒಬ್ಬ ಟೀಚರ್, ಒಬ್ಬ ಸಹಾಯಕಿ. ಟೀಚರಿಗೆ ಪದವಿ, ಜೊತೆಗೆ ಚಿಕ್ಕ ಮಕ್ಕಳಿಗೆ ಕಲಿಸುವ ಅರ್ಹತಾಪತ್ರ ಕಡ್ಡಾಯ. ಹಾಗಂತ ಹಳೆಯ ಟೀಚರುಗಳನ್ನು ಮನೆಗೆ ಕಳಿಸಲಿಲ್ಲ. ಓದಲು ಸಮಯ ಕೊಟ್ಟರು, ಫೀಸಿಗೆ ಸರ್ಕಾರವೇ ನೆರವಾಯಿತು. ನನಗೆ ತುಂಬಾ ಇಷ್ಟವಾದದ್ದು ಈ ನಡೆ. ಸಂಬಳವನ್ನೂ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳಿಗೆ ಸರಿಸಮ ಮಾಡಿದರು. ಖಾಸಗಿ ಕೇಂದ್ರಗಳನ್ನೂ ಸೇರಿಸಿಕೊಂಡರು, ಆದರೆ ನಿಯಮ ಎಲ್ಲರಿಗೂ ಒಂದೇ. ಅನುಭವಿ ಶಿಕ್ಷಕರು ತರಗತಿಗೆ ಬಂದು ಕೂತು ನೋಡಿ, ಆಮೇಲೆ ಟೀಚರ್ ಜೊತೆ ಮಾತಾಡುವ ಏರ್ಪಾಡೂ ಆಯಿತು.

ಮೊದಮೊದಲು ಅಲ್ಲಿಯೂ ಬಹುಪಾಲು ತರಗತಿಗಳು ಅಷ್ಟಕ್ಕಷ್ಟೇ. ಸುಧಾರಿಸಲು ಏಳೆಂಟು ವರ್ಷ ಹಿಡಿಯಿತು. ಒಂದು ಚುನಾವಣೆಯಿಂದ ಇನ್ನೊಂದು ಚುನಾವಣೆಗೆ ಮುಗಿಯುವ ಕೆಲಸ ಅಲ್ಲ, ಅಲ್ವಾ?

ಅದಕ್ಕೇ ದುಡ್ಡು ಬರುವ ದಾರಿಯೂ ಗಟ್ಟಿ ಇರಬೇಕು. ಅಮೆರಿಕದ್ದೇ ಇನ್ನೊಂದು ರಾಜ್ಯ ಓಕ್ಲಹೋಮ 1998ರಲ್ಲೇ ನಾಲ್ಕು ವರ್ಷದ ಮಕ್ಕಳನ್ನು ಶಾಲೆಗಳ ಮಾಮೂಲಿ ಅನುದಾನದ ಲೆಕ್ಕಕ್ಕೆ ಸೇರಿಸಿಕೊಂಡಿತು. ಮಗು ದಾಖಲಾದರೆ ಅದರ ಪಾಲಿನ ಹಣ ಶಾಲೆಗೆ ಬರುತ್ತದೆ, ಒಂದನೇ ತರಗತಿಯ ಮಗುವಿಗೆ ಬರುವ ಹಾಗೆಯೇ. ನರ್ಸರಿಗಾಗಿ ಪ್ರತಿ ಬಜೆಟ್ಟಿನಲ್ಲೂ ಬೇರೆಯಾಗಿ ಕೈಚಾಚಬೇಕಿಲ್ಲ.

ನಮಸ್ಕಾರ.