ತೂತುಗಳುಳ್ಳ ಅರ

ಕೇಳುಗರೇ, ನಮಸ್ಕಾರ.

ಸಾಮಾನ್ಯ ಅರದಿಂದ ಮೆದುವಾದ ವಸ್ತುವನ್ನು ಉಜ್ಜಿದವರಿಗೆ ಅದರ ತೊಡಕು ಗೊತ್ತಿರುತ್ತದೆ: ಹಲ್ಲುಗಳ ಸಂದಿನಲ್ಲಿ ಪುಡಿ ತುಂಬಿಕೊಂಡು ಅರ ಕತ್ತರಿಸುವುದನ್ನು ಬಿಟ್ಟು ಜಾರತೊಡಗುತ್ತದೆ. ಈ ತೊಡಕಿಗೆ ಪರಿಹಾರವಾಗಿ 20ನೆಯ ಶತಮಾನದ ಮಧ್ಯಭಾಗದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡು, ಮುಂದೆ ಸ್ಟ್ಯಾನ್ಲಿ ಕಂಪನಿಯ ಮೂಲಕ ಹೆಸರಾದ ಸರ್ಫಾರ್ಮ್ ಎಂಬ ಸಾಧನದಲ್ಲಿ, ತೆಳು ಉಕ್ಕಿನ ತಗಡಿನ ತುಂಬ ತೂತುಗಳಿದ್ದು, ಪ್ರತಿಯೊಂದು ತೂತಿನ ಒಂದು ಅಂಚು ಮೇಲೆದ್ದು ಹರಿತವಾಗಿರುತ್ತದೆ. ತುರಿಮಣೆಯಲ್ಲಿ ಆಗುವಂತೆ, ಕತ್ತರಿಸಿದ ತುಣುಕು ಅದೇ ತೂತಿನಿಂದ ಹಿಂಬದಿಗೆ ಹೊರಬೀಳುತ್ತದೆ.

ಬಡಗಿಗಳು ಬಾಗಿದ ಅಂಚುಗಳಿಗೆ ಇದನ್ನು ಬಳಸುತ್ತಾರೆ. ಆದರೆ ನೇರವಾದ ಹಲಗೆಗೆ ಕೀಸುಳಿಯೇ ಮೇಲು. ನನ್ನ ದೃಷ್ಟಿಯಲ್ಲಿ ಇದರ ನಿಜವಾದ ಸತ್ವ ಕಾಣುವುದು ಮರಗೆಲಸದ ಆಚೆಗೆ. ಕಾರಿನ ತಗ್ಗಿಗೆ ಮೆತ್ತಿದ ಪುಟ್ಟಿ ಪೂರ್ತಿ ಗಟ್ಟಿಯಾಗುವ ಮೊದಲಿನ ಕೆಲವೇ ನಿಮಿಷಗಳಲ್ಲಿ, ಮರಳುಕಾಗದಕ್ಕೆ ಅದು ಇನ್ನೂ ಮೆತ್ತಿಕೊಳ್ಳುವ ಹಂತದಲ್ಲಿ, ಈ ಅರ ಹೆಚ್ಚುವರಿಯನ್ನು ಸಲೀಸಾಗಿ ತೆಗೆದುಹಾಕುತ್ತದೆ. ಕುಂಬಾರಿಕೆಯಲ್ಲಿ ಅರೆಯೊಣಗಿದ ಮಣ್ಣಿಗೂ, ಅಲೆಯ ಮೇಲೆ ಸವಾರಿ ಮಾಡುವ ಹಲಗೆಗಳ ಫೋಮಿಗೂ, ಜಿಪ್ಸಮ್ ಹಲಗೆಯ ಅಂಚಿಗೂ ಇದು ಒದಗುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದ ಬಳಕೆ ಕೃತಕ ಕಾಲು ತಯಾರಿಸುವವರದು. ಮಂಡಿಯ ಕೆಳಗೆ ಕಾಲು ಕಳೆದುಕೊಂಡವರ ಉಳಿದ ಭಾಗದ ಅಚ್ಚನ್ನು ತೆಗೆದು, ಅದರೊಳಗೆ ಪ್ಲಾಸ್ಟರ್ ತುಂಬಿ ಮಾದರಿಯನ್ನು ಎರಕಹೊಯ್ಯುತ್ತಾರೆ. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನಂತೆ ಭಾರ ತಾಳಬಲ್ಲ ಜಾಗಗಳಲ್ಲಿ ಈ ಅರದಿಂದ ಪ್ಲಾಸ್ಟರನ್ನು ಹೆರೆದು ತಗ್ಗಿಸುತ್ತಾರೆ. ಎಲುಬು ಉಬ್ಬಿರುವ, ಒತ್ತಿದರೆ ನೋಯುವ ಜಾಗಗಳಲ್ಲಿ ಪ್ಲಾಸ್ಟರ್ ಸೇರಿಸುತ್ತಾರೆ. ಉಳಿದ ಕಾಲು ಕೂರುವ ಕೃತಕ ಕಾಲಿನ ಬಟ್ಟಲು ಆ ಮಾದರಿಯ ಮೇಲೆಯೇ ರೂಪುಗೊಳ್ಳುವುದರಿಂದ, ಇಲ್ಲಿ ಹೆರೆದದ್ದು ಹೆಚ್ಚಾದರೂ ಕಡಿಮೆಯಾದರೂ ಅದನ್ನು ಧರಿಸಿದವರು ನಡೆಯುವಾಗ ಅನುಭವಿಸಬೇಕಾಗುತ್ತದೆ.

ಇದೇ ತತ್ತ್ವದ ಮೇಲೆ, ರಾಸಾಯನಿಕವಾಗಿ ಕೊರೆದ ಇನ್ನಷ್ಟು ಹರಿತವಾದ ಹಲ್ಲುಗಳೊಡನೆ ಅಮೆರಿಕದಲ್ಲಿ 1990ರ ದಶಕದಲ್ಲಿ ಬಂದ ಮೈಕ್ರೋಪ್ಲೇನ್ ಎಂಬ ಸಾಧನ, ಮರಗೆಲಸಕ್ಕೆಂದು ಹುಟ್ಟಿ ಅಡುಗೆಮನೆಯಲ್ಲಿ ತುರಿಮಣೆಯಾಗಿ ಹೆಚ್ಚು ಪ್ರಸಿದ್ಧವಾಯಿತು.

ಸರ್ಫಾರ್ಮನ್ನು ಬಳಸುವ ಕ್ರಮವೂ ಮುಖ್ಯ. ತಳ್ಳುವ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದರೆ ವಸ್ತು ಬೇಗ ಕಡಿಮೆಯಾಗುತ್ತದೆ; ನೇರಕ್ಕೆ ತಂದಂತೆ ಮೇಲ್ಮೈ ನಯವಾಗುತ್ತದೆ. ಹಾಗಿದ್ದರೂ ಗೆರೆಗಳು ಉಳಿಯುವುದರಿಂದ ಕೊನೆಯ ನುಣುಪಿಗೆ ಮರಳುಕಾಗದ ಬೇಕೇ ಬೇಕು. ಮೊಳೆ ತಗುಲಿದರೆ ಅಂಚು ಹಾಳಾಗುತ್ತದೆ. ಮೊಂಡಾದ ತಗಡನ್ನು ಸಾಣೆ ಹಿಡಿಯುವುದಿಲ್ಲ, ಹೊಸದನ್ನು ಜೋಡಿಸುತ್ತಾರೆ. ಒದ್ದೆ ಮಣ್ಣು ಅಥವಾ ಪ್ಲಾಸ್ಟರಿಗೆ ಬಳಸಿದ ಮೇಲೆ ತೊಳೆದು ಒರೆಸಿ ಒಣಗಿಸದಿದ್ದರೆ ತೆಳು ಉಕ್ಕಿಗೆ ತುಕ್ಕು ಬೇಗ ಹಿಡಿಯುತ್ತದೆ.