ಬ್ರಿಟ್ಸ್: ಬರ್ಲಿನ್ನಿನ ಕುದುರೆಲಾಳ ಬಡಾವಣೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬರ್ಲಿನ್ ನಗರದ ದಕ್ಷಿಣ ಭಾಗದಲ್ಲಿ, ನಾಯ್ಕೋಲ್ನ್ ಜಿಲ್ಲೆಯಲ್ಲಿ, ಬ್ರಿಟ್ಸ್ ಎಂಬ ಹಳೆಯ ಊರಿದೆ. ಒಂದು ಕಾಲಕ್ಕೆ ಅದು ಜಹಗೀರುದಾರರ ಹೊಲಗಳಿದ್ದ ಜಾಗ. ಅಲ್ಲೀಗ ಒಂದು ಕೊಳವನ್ನು ಸುತ್ತುವರಿದು ಮೂರು ಅಂತಸ್ತಿನ ಬಿಳಿಯ ಕಟ್ಟಡವೊಂದು ಕುದುರೆಲಾಳದ ಆಕಾರದಲ್ಲಿ ಬಾಗಿ ನಿಂತಿದೆ. ಅದರ ಉದ್ದ 350 ಮೀಟರ್. ಸುತ್ತಲಿನ ಬೀದಿಗಳಲ್ಲಿ ಕೆಂಪು, ನೀಲಿ, ಹಳದಿ, ಬಿಳಿ ಬಣ್ಣದ ಸಾಲುಮನೆಗಳು. ಎಲ್ಲ ಸೇರಿ 1,963 ಮನೆಗಳು. 1925ರಲ್ಲಿ ಕೆಲಸ ಶುರುವಾಗಿ ಐದಾರು ವರ್ಷಗಳಲ್ಲಿ ಹಂತಹಂತವಾಗಿ ಎದ್ದ ಈ ಬಡಾವಣೆಯನ್ನು 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬರ್ಲಿನ್ನಿನ ಇನ್ನೂ ಐದು ಬಡಾವಣೆಗಳಿಗೆ ಅದೇ ದಿನ ಅದೇ ಗೌರವ ಸಂದಿತು. ಸಂಬಳದಲ್ಲಿ ಬದುಕುವವರಿಗೆಂದು ಕಟ್ಟಿದ ಬಾಡಿಗೆ ಮನೆಗಳು ಇಷ್ಟು ಚೆಂದ ಹೇಗಾದವು, ಆ ಚೆಂದ ಉಳಿಯಲು ಇಂದು ಏನು ಮಾಡಬೇಕಾಗಿದೆ ಎಂಬುದನ್ನು ಇವತ್ತು ನೋಡೋಣ.

ಇದನ್ನು ಅರಿಯಲು ಮೊದಲು ಹಳೆಯ ಬರ್ಲಿನ್ನಿನ ವಠಾರಗಳನ್ನು ನೋಡಬೇಕು. 19ನೇ ಶತಮಾನದ ಎರಡನೇ ಅರ್ಧದಲ್ಲಿ ಕಾರ್ಖಾನೆಗಳಿಗೆ ಜನ ಬಂದು ತುಂಬಿಕೊಂಡಾಗ, ಬೀದಿಯ ಕಡೆಗೊಂದು ಕಟ್ಟಡ, ಅದರ ಹಿಂದೊಂದು, ಅದರ ಹಿಂದೆ ಮತ್ತೊಂದು, ಹೀಗೆ ಐದು ಅಂತಸ್ತಿನ ವಠಾರಗಳು ಎದ್ದವು. ನಡುವೆ ಬಿಡಬೇಕಾದ ಅಂಗಳದ ಅಳತೆಯನ್ನು 1853ರ ಕಟ್ಟಡ ನಿಯಮ ಹೇಳಿತ್ತು: ಉದ್ದ 5.34 ಮೀಟರ್, ಅಗಲ 5.34 ಮೀಟರ್. ಬೆಂಕಿ ಆರಿಸುವ ಪಂಪಿನ ಗಾಡಿ ತಿರುಗಲು ಅಷ್ಟು ಜಾಗ ಸಾಕಾಗಿತ್ತು. ಅದಕ್ಕಿಂತ ಹೆಚ್ಚು ಬಿಡಲು ಯಾವ ಮಾಲೀಕನಿಗೂ ಮನಸ್ಸಿರಲಿಲ್ಲ. ಇಪ್ಪತ್ತು ಮೀಟರ್ ಎತ್ತರದ ಗೋಡೆಗಳ ನಡುವೆ ಐದು ಮೀಟರ್ ಅಂಗಳ ಇದ್ದರೆ ಕೆಳಗಿನ ಮನೆಗಳಿಗೆ ಬಿಸಿಲು ಬೀಳುವ ಮಾತೇ ಇಲ್ಲ. ಒಂದು ಕೋಣೆ, ಒಂದು ಅಡುಗೆಮನೆ, ಹಲವು ಮನೆಯವರಿಗೆ ಸೇರಿ ಮೆಟ್ಟಿಲ ಬಳಿಯೋ ಅಂಗಳದಲ್ಲೋ ಒಂದು ಕಕ್ಕಸು. ಕ್ಷಯರೋಗ ಮನೆಮಾಡಿಕೊಂಡಿದ್ದು ಇಂಥ ಕಡೆಗಳಲ್ಲೇ.

ಮೊದಲ ಮಹಾಯುದ್ಧದ ನಂತರ ಪರಿಸ್ಥಿತಿ ಇನ್ನೂ ಬಿಗಡಾಯಿಸಿತು. 1920ರಲ್ಲಿ ಏಳು ಪಟ್ಟಣಗಳು, 59 ಹಳ್ಳಿಗಳು, 27 ಜಹಗೀರುಗಳನ್ನು ಕೂಡಿಸಿಕೊಂಡು ಮಹಾ ಬರ್ಲಿನ್ ಆಯಿತು. ಬ್ರಿಟ್ಸ್ ಕೂಡ ಆಗಲೇ ನಗರದೊಳಗೆ ಬಂತು. ಮನೆ ಬೇಕಾದವರು ಅಸಂಖ್ಯ, ಕಟ್ಟಲು ದುಡ್ಡಿಲ್ಲ. ದಾರಿ ತೆರೆದದ್ದು ಒಂದು ತೆರಿಗೆ. 1923ರ ಭೀಕರ ಹಣದುಬ್ಬರದಲ್ಲಿ ಮಾರ್ಕ್ ನಾಣ್ಯಕ್ಕೆ ಬೆಲೆಯೇ ಇಲ್ಲದಾಗಿ, ಹಳೆಯ ಕಟ್ಟಡಗಳ ಮೇಲಿದ್ದ ಅಡಮಾನದ ಸಾಲಗಳು ತಾನಾಗಿ ಕರಗಿಹೋಗಿದ್ದವು. ಮಾಲೀಕರಿಗೆ ಕಟ್ಟಡ ಉಳಿಯಿತು, ಸಾಲ ಉಳಿಯಲಿಲ್ಲ. ಹಾಗೆ ಬಂದ ಲಾಭದಲ್ಲಿ ಒಂದು ಪಾಲು ಸಮಾಜಕ್ಕೆ ಸೇರಬೇಕೆಂದು 1924ರಲ್ಲಿ ಹಳೆಯ ಮನೆಗಳ ಬಾಡಿಗೆಯ ಮೇಲೆ ತೆರಿಗೆ ಹಾಕಿದರು, ಅದರಿಂದ ಹೊಸ ಮನೆಗಳಿಗೆ ಕಡಿಮೆ ಬಡ್ಡಿಯ ಸಾಲ ಕೊಟ್ಟರು. ಬ್ರಿಟ್ಸ್‌ನ ಮನೆಗಳನ್ನು ಮೆಚ್ಚುವವರು ವಾಸ್ತುಶಿಲ್ಪಿಯ ಜೊತೆಗೆ ಈ ತೆರಿಗೆಯನ್ನೂ ನೆನೆಯಬೇಕು. ಅದಿಲ್ಲದೆ ಇಲ್ಲಿ ಒಂದು ಇಟ್ಟಿಗೆಯೂ ಏಳುತ್ತಿರಲಿಲ್ಲ.

ಅದೇ 1924ರಲ್ಲಿ ಕಾರ್ಮಿಕ ಸಂಘಗಳ ಬೆಂಬಲದಿಂದ ಗೇಹಾಗ್ ಎಂಬ ವಸತಿ ನಿರ್ಮಾಣ ಸಂಸ್ಥೆ ಹುಟ್ಟಿತು. ಅದರ ಮುಖ್ಯ ವಾಸ್ತುಶಿಲ್ಪಿ ಬ್ರೂನೊ ಟೌಟ್. ಅವರ ಜೊತೆ ಲೆಕ್ಕಾಚಾರದಲ್ಲಿ ಎತ್ತಿದ ಕೈ ಎನಿಸಿದ್ದ ಮಾರ್ಟಿನ್ ವಾಗ್ನರ್. ಬ್ರಿಟ್ಸ್‌ನ ಜಹಗೀರನ್ನು ನಗರವೇ ಕೊಂಡುಕೊಂಡಿತ್ತು. ವಾಗ್ನರ್ ಅವರದು ನೇರವಾದ ವಿಚಾರ: ಮನೆಗಳ ನಮೂನೆ ಕಡಿಮೆಯಾದಷ್ಟೂ ಕಿಟಕಿ, ಬಾಗಿಲು, ಮೆಟ್ಟಿಲುಗಳನ್ನು ಒಂದೇ ಅಳತೆಯಲ್ಲಿ ಸಾವಿರಗಟ್ಟಲೆ ಮಾಡಿಸಬಹುದು, ಖರ್ಚು ಇಳಿಯುತ್ತದೆ. ಹಾಗಾಗಿ ಬೆರಳೆಣಿಕೆಯ ನಮೂನೆಗಳಲ್ಲೇ ಇಡೀ ಬಡಾವಣೆ ಎದ್ದಿತು. 679 ಸಾಲುಮನೆಗಳು, ಪ್ರತಿಯೊಂದಕ್ಕೂ ಹಿಂದೆ ಹಿತ್ತಲು. ಉಳಿದ 1,284 ಮಹಡಿ ಕಟ್ಟಡಗಳಲ್ಲಿನ ಮನೆಗಳು. ಪ್ರತಿ ಮನೆಗೂ ತನ್ನದೇ ಬಚ್ಚಲು, ಕಕ್ಕಸು. ವಠಾರದಿಂದ ಬಂದವರಿಗೆ ಇದು ದೊಡ್ಡ ಬದಲಾವಣೆ. ಆದರೂ ಒಂದು ಮಾತು ಹೇಳಲೇಬೇಕು. ಎಷ್ಟೇ ಉಳಿಸಿದರೂ ಬಾಡಿಗೆ ಕೂಲಿಕಾರರ ಕೈಗೆಟುಕಲಿಲ್ಲ. ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರು ಕುಶಲ ಕೆಲಸಗಾರರು, ಗುಮಾಸ್ತರು, ಸಣ್ಣ ಅಧಿಕಾರಿಗಳು.

ನಮೂನೆ ಕೆಲವೇ ಆದರೆ ಬೀದಿಗಳು ಬೇಸರ ತರಿಸಬೇಕಲ್ಲವೇ? ಟೌಟ್ ಅವರ ಜಾಣ್ಮೆ ಕಾಣುವುದು ಇಲ್ಲೇ. ಹಿಮಯುಗದಲ್ಲಿ ಉಂಟಾದ ಕೊಳವೊಂದು ಆ ಜಾಗದ ನಡುವಿನಲ್ಲಿತ್ತು. ಅದನ್ನು ಮುಚ್ಚದೆ ಬಡಾವಣೆಯ ಕೇಂದ್ರ ಮಾಡಿಕೊಂಡರು. ಒಂದೇ ನಕ್ಷೆಯ 25 ತುಂಡುಗಳನ್ನು ಪಕ್ಕಪಕ್ಕ ಇಟ್ಟು ಕೊಳದ ಸುತ್ತ ಬಾಗಿಸಿದರು. ಪ್ರತಿ ಮನೆಯ ಮೊಗಸಾಲೆಯೂ ಕೊಳದ ಕಡೆಗೇ ತೆರೆಯುತ್ತದೆ. ಗೋಡೆ ಬಿಳಿ, ಮೊಗಸಾಲೆಯ ಒಳಮೈ ನೀಲಿ. ಮೇಲೆ, ಮಾಡಿನ ಕೆಳಗೆ, ಪುಟ್ಟ ಕಿಟಕಿಗಳ ಅಟ್ಟ. ಬಟ್ಟೆ ಒಣಗಿಸುವ ಜಾಗ ಅದು. ಕೆಳಗೆ ಬಾಡಿಗೆದಾರರ ಕೈತೋಟಗಳು, ಅವುಗಳಾಚೆ ಎಲ್ಲರಿಗೂ ತೆರೆದ ಹುಲ್ಲು, ನೀರು. ತೋಟಗಳ ವಿನ್ಯಾಸದಲ್ಲಿ ಕೈಯಾಡಿಸಿದವರು ಲೆಬೆರೆಖ್ಟ್ ಮಿಗ್ಗೆ. ಸಂಸಾರಕ್ಕೆ ಬೇಕಾದ ತರಕಾರಿ ಮನೆಯ ಹಿಂದೆಯೇ ಬೆಳೆಯಬೇಕು ಎಂದು ಪಟ್ಟುಹಿಡಿದಿದ್ದವರು ಅವರು.

ಲಾಳದ ಹಿಂಬದಿಗೆ, ಪಶ್ಚಿಮಕ್ಕೆ, ಹ್ಯೂಸುಂಗ್ ಎಂಬ ಬೀದಿಯಿದೆ. ಸಾಲುಮನೆಗಳು ವಜ್ರಾಕೃತಿಯಲ್ಲಿ ಸುತ್ತುವರಿದು ಮಧ್ಯೆ ಹಳ್ಳಿಯ ಬಯಲಿನಂಥ ಜಾಗ ಮಾಡಿವೆ. ಲಾಳಕ್ಕೆ ಸಿಗುವ ಹೊಗಳಿಕೆಯಲ್ಲಿ ಅರ್ಧವಾದರೂ ಇದಕ್ಕೆ ಸಲ್ಲಬೇಕು. ನೆರೆಹೊರೆ ಎಂಬುದು ಹೆಚ್ಚು ಚೆನ್ನಾಗಿ ಕೂಡಿಬಂದಿರುವುದು ಇಲ್ಲಿ.

ಬಣ್ಣದ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಟ್ಟಡಕ್ಕೆ ಕಂಬ, ಕೆತ್ತನೆ, ಕಮಾನು ಸೇರಿಸಲು ಹಣವಿರಲಿಲ್ಲ. ಬಣ್ಣಕ್ಕೆ ಹಣ ಹೆಚ್ಚು ಬೇಕಿರಲಿಲ್ಲ. ಟೌಟ್ ಬಣ್ಣವನ್ನು ಅಲಂಕಾರಕ್ಕಿಂತ ಮಿಗಿಲಾಗಿ ಕಟ್ಟಡದ ಸಾಮಗ್ರಿಯಾಗಿಯೇ ಬಳಸಿದರು. ಕೆಂಪು ಗೋಡೆ ನೋಡುವವರ ಹತ್ತಿರಕ್ಕೆ ಬಂದಂತೆ ತೋರುತ್ತದೆ, ನೀಲಿ ಗೋಡೆ ದೂರ ಸರಿದಂತೆ. ಇಕ್ಕಟ್ಟಾದ ಬೀದಿಯನ್ನು ಅಗಲವಾಗಿ, ಉದ್ದನೆಯ ಸಾಲನ್ನು ಗಿಡ್ಡವಾಗಿ ಕಾಣಿಸಲು ಇಷ್ಟೇ ಸಾಕು. ಕಿಟಕಿಯ ಚೌಕಟ್ಟಿಗೆ ಒಂದು ಬಣ್ಣ, ಪಡಿಗೆ ಇನ್ನೊಂದು. ಬಾಗಿಲುಗಳಲ್ಲಂತೂ ಬಣ್ಣಗಳ ಜೋಡಣೆ ಮನೆಯಿಂದ ಮನೆಗೆ ಬದಲಾಗುತ್ತದೆ. ಫ್ರಿಟ್ಸ್ ರಾಯ್ಟರ್ ಆಲೆ ಎಂಬ ಮುಖ್ಯ ರಸ್ತೆಯ ಉದ್ದಕ್ಕೂ ಇರುವ ಸಾಲು ಕಟ್ಟಡಗಳಿಗೆ ಕಡುಗೆಂಪು ಬಳಿದಿದ್ದಾರೆ. ಜನ ಅದನ್ನು ರೋಟೆ ಫ್ರಂಟ್, ಅಂದರೆ ಕೆಂಪು ಮುಂಚೂಣಿ, ಎಂದು ಕರೆದರು. ರಸ್ತೆಯ ಆಚೆ ಬದಿಯಲ್ಲಿ ಅದೇ ಕಾಲಕ್ಕೆ ಇನ್ನೊಂದು ಸಂಸ್ಥೆ ಕಟ್ಟಿದ ಬಡಾವಣೆಯಿದೆ, ಇಳಿಜಾರಿನ ಹಂಚಿನ ಮಾಡು, ಸಾಂಪ್ರದಾಯಿಕ ರೂಪ. ಮನೆ ಹೇಗಿರಬೇಕು ಎಂಬ ಬಗ್ಗೆ 1920ರ ದಶಕದಲ್ಲಿ ಜರ್ಮನಿಯಲ್ಲಿ ನಡೆದ ಜಗಳದ ಎರಡು ಕಕ್ಷಿಗಳನ್ನೂ ಒಂದೇ ರಸ್ತೆಯಲ್ಲಿ ನಿಂತು ನೋಡಬಹುದು.

ಆ ಜಗಳ ಕೊನೆಗೆ ಕಟ್ಟಡಗಳಿಗಷ್ಟೇ ನಿಲ್ಲಲಿಲ್ಲ. ಕವಿ, ಅರಾಜಕತಾವಾದಿ ಎರಿಖ್ ಮ್ಯೂಸಾಮ್ 1927ರಿಂದ ಈ ಬಡಾವಣೆಯಲ್ಲಿದ್ದರು. 1933ರ ಫೆಬ್ರವರಿ 28ರಂದು, ಜರ್ಮನ್ ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮರುದಿನ, ಅವರನ್ನು ಬಂಧಿಸಿದರು. 1934ರ ಜುಲೈಯಲ್ಲಿ ಒರಾನಿಯೆನ್‌ಬುರ್ಗ್ ಶಿಬಿರದಲ್ಲಿ ನಾಜಿಗಳು ಅವರನ್ನು ಕೊಂದರು. ಗೇಹಾಗ್ ಸಂಸ್ಥೆಯನ್ನು ನಾಜಿಗಳು ವಶಪಡಿಸಿಕೊಂಡರು. ವಾಗ್ನರ್ ತುರ್ಕಿಗೆ ಹೋಗಿ, ಅಲ್ಲಿಂದ ಅಮೆರಿಕ ಸೇರಿದರು. ಟೌಟ್ ಜಪಾನಿಗೆ, ಆಮೇಲೆ ತುರ್ಕಿಗೆ ಹೋಗಿ, 1938ರ ಡಿಸೆಂಬರ್ 24ರಂದು ಇಸ್ತಾನ್‌ಬುಲ್‌ನಲ್ಲಿ ತೀರಿಕೊಂಡರು.

ಇಲ್ಲಿ ನಮ್ಮ ನಾಡಿಗೆ ಒಂದು ನಂಟು ಇದೆ. ಟೌಟ್ ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ ಅವರಲ್ಲಿ ಕಲಿತವರಲ್ಲಿ ಒಟ್ಟೊ ಕೊಯೆನಿಗ್ಸ್‌ಬರ್ಗರ್ ಒಬ್ಬರು. ಯಹೂದಿ ಮೂಲದ ಅವರೂ ದೇಶ ಬಿಡಬೇಕಾಯಿತು. ಅವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಅದಾಗಲೇ ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಹೋಗಿದ್ದರು. 1939ರಲ್ಲಿ ಕೊಯೆನಿಗ್ಸ್‌ಬರ್ಗರ್ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದರು. ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರ ಮತ್ತು ವಿಮಾನಶಾಸ್ತ್ರ ವಿಭಾಗಗಳ ಕಟ್ಟಡಗಳು ಅವರವು. ಮುಂದೆ ಭುವನೇಶ್ವರದ ನಗರ ಯೋಜನೆಯನ್ನೂ ಅವರು ಮಾಡಿದರು.

ಬ್ರಿಟ್ಸ್‌ಗೆ ಮರಳೋಣ. ಯುದ್ಧದ ಬಾಂಬುಗಳಿಂದ ಬಡಾವಣೆಗೆ ಆದ ಹಾನಿ ಕಡಿಮೆ. ಸದ್ದಿಲ್ಲದ ಹಾನಿ ಆಮೇಲಿನ ದುರಸ್ತಿಗಳಿಂದ ಆಯಿತು. 1998ರಲ್ಲಿ ಗೇಹಾಗ್ ಖಾಸಗಿ ಕೈಗೆ ಹೋದ ಮೇಲೆ ಸಾಲುಮನೆಗಳನ್ನು ಒಂದೊಂದಾಗಿ ಮಾರತೊಡಗಿದರು. ಒಂದೇ ಕೈ ನೋಡಿಕೊಳ್ಳುತ್ತಿದ್ದ ಬೀದಿಗೆ ಈಗ ನೂರಾರು ಮಾಲೀಕರು. ಅಂಥ ಮನೆಗಳಲ್ಲಿ ತಪ್ಪುವುದು ಮುಖ್ಯವಾಗಿ ಮೂರು ಕಡೆ.

ಒಂದು, ಬಣ್ಣ. ಮೂಲದ ಗಿಲಾವು ಸುಣ್ಣ-ಮರಳಿನದು. ಅದಕ್ಕೆ ಹೊಂದುವುದು ಪೊಟ್ಯಾಸಿಯಂ ವಾಟರ್‌ಗ್ಲಾಸ್ ಎಂಬ ಸಿಲಿಕೇಟ್ ದ್ರಾವಣ ಬೆರೆಸಿದ ಖನಿಜ ಬಣ್ಣ. ಅದು ಗಿಲಾವಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ, ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಪ್ಲಾಸ್ಟಿಕ್ ಎಮಲ್ಷನ್ ಹಾಗಲ್ಲ, ಗೋಡೆಯ ಮೇಲೆ ಪೊರೆ ಕಟ್ಟುತ್ತದೆ. ಕೂದಲೆಳೆಯಷ್ಟು ಬಿರುಕಿನಿಂದ ಮಳೆನೀರು ಒಳಗೆ ಹೋದರೆ ಹೊರಗೆ ಬರಲು ದಾರಿಯಿಲ್ಲ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಬಣ್ಣದ ಜೊತೆ ಗಿಲಾವೂ ಕಿತ್ತು ಬರುತ್ತದೆ. ಒಮ್ಮೆ ಎಮಲ್ಷನ್ ಬಳಿದ ಗೋಡೆಗೆ ನೇರವಾಗಿ ಖನಿಜ ಬಣ್ಣ ಹಚ್ಚಿದರೆ ಅದು ಕಚ್ಚಿಕೊಳ್ಳುವುದಿಲ್ಲ. ಹಳೆಯ ಪೊರೆಯನ್ನು ಪೂರ್ತಿ ತೆಗೆದ ಮೇಲೆಯೇ ಕೆಲಸ ಆರಂಭಿಸಬೇಕು. ಗಾಳಿಯೂ ಗೋಡೆಯೂ ಐದು ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು, ನೇರ ಬಿಸಿಲು ಇರಬಾರದು, ಒಂದು ಕೈ ಬಳಿದು ಇನ್ನೊಂದಕ್ಕೆ ಕನಿಷ್ಠ 12 ಗಂಟೆ ಬಿಡಬೇಕು.

ಎರಡು, ಕಿಟಕಿ. ಮೂಲದ ಮರದ ಕಿಟಕಿಗೆ ಒಂದರ ಹಿಂದೊಂದು ಎರಡು ಗಾಜಿನ ಪಡಿಗಳು, ನಡುವೆ ಗಾಳಿಯ ಜಾಗ. ಅದನ್ನು ಕಿತ್ತು ಪ್ಲಾಸ್ಟಿಕ್ ಕಿಟಕಿ ಕೂರಿಸಿದರೆ ಚೌಕಟ್ಟು ದಪ್ಪವಾಗುತ್ತದೆ, ಗಾಜು ಕಿರಿದಾಗುತ್ತದೆ, ಬಣ್ಣಗಳ ಆಟ ಮುಗಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಒಳಗೆ. ಹಳೆಯ ಕಿಟಕಿಯ ಸಂದುಗಳಿಂದ ಅಡುಗೆಯ ಹಬೆ, ಉಸಿರಿನ ತೇವ ಹೊರಗೆ ಹೋಗುತ್ತಿತ್ತು. ಉಳಿದದ್ದು ತಣ್ಣನೆಯ ಗಾಜಿನ ಮೇಲೆ ನೀರಾಗಿ ಕಾಣಿಸುತ್ತಿತ್ತು, ಒರೆಸಿದರಾಯಿತು. ಹೊಸ ಕಿಟಕಿ ಗಾಳಿಯಾಡದಂತೆ ಬಿಗಿದುಕೊಂಡ ಮೇಲೆ ಕೋಣೆಯಲ್ಲಿ ಎಲ್ಲಕ್ಕಿಂತ ತಣ್ಣಗಿರುವುದು ಹೊರಗೋಡೆಯ ಮೂಲೆ. ತೇವ ಅಲ್ಲಿ ಕೂತು ಬೂಷ್ಟು ಹಿಡಿಯುತ್ತದೆ. ಮಾಡಬೇಕಾದದ್ದು ಹೀಗೆ: ಹಳೆಯ ಮರವನ್ನೇ ರಿಪೇರಿ ಮಾಡಿ, ಒಳಗಿನ ಪಡಿಗೆ ಮಾತ್ರ ಶಾಖ ತಡೆಯುವ ಗಾಜು, ರಬ್ಬರ್ ಪಟ್ಟಿ ಹಾಕಬೇಕು. ಹೊರಗಿನ ಪಡಿಯನ್ನು ಬಿಗಿ ಮಾಡಬಾರದು. ಮಾಡಿದರೆ ಎರಡು ಗಾಜುಗಳ ನಡುವೆ ತೇವ ಸಿಕ್ಕಿಕೊಂಡು ಮರ ಕೊಳೆಯುತ್ತದೆ.

ಮೂರು, ಶಾಖ ತಡೆಯಲು ಹೊರಗೋಡೆಗೆ ಅಂಟಿಸುವ ಹಲಗೆ. ಹತ್ತು ಹನ್ನೆರಡು ಸೆಂಟಿಮೀಟರ್ ದಪ್ಪದ ಹಲಗೆ ಹಚ್ಚಿದರೆ ಇಟ್ಟಿಗೆಯ ಅಂಚುಗಳು ಮುಚ್ಚಿಹೋಗಿ, ಬಾಗಿಲು ಗುಂಡಿಯೊಳಗೆ ಹೂತಂತಾಗುತ್ತದೆ, ಪಕ್ಕದ ಮನೆಯೊಂದಿಗೆ ಗೋಡೆ ಸರಿಹೊಂದುವುದಿಲ್ಲ. ಮೊದಲು ಅಟ್ಟದ ನೆಲ, ನೆಲಮಾಳಿಗೆಯ ಚಾವಣಿ ಇವೆರಡಕ್ಕೆ ಹೊದಿಕೆ ಹಾಕುವುದು ಅಗ್ಗ. ಹೊರಗಿನಿಂದ ನೋಡಿದರೆ ಯಾವ ಬದಲಾವಣೆಯೂ ಕಾಣುವುದಿಲ್ಲ.

ಬಡಾವಣೆಯ ಹಿತೈಷಿಗಳ ಸಂಘವೊಂದು ಪ್ರತಿ ಮನೆಗೂ ಮೂಲದ ಬಣ್ಣ, ಬಾಗಿಲು, ಕಿಟಕಿ, ಗಿಲಾವು ಯಾವುದಿತ್ತು ಎಂಬ ವಿವರಗಳನ್ನು ಅಂತರ್ಜಾಲದಲ್ಲಿ ಒದಗಿಸಿದೆ. ಮಾಲೀಕ ತನ್ನ ಮನೆಯ ಸಂಖ್ಯೆ ಹುಡುಕಿ ಬಡಗಿಗೂ ಬಣ್ಣದವನಿಗೂ ಅದನ್ನೇ ಕೊಡಬಹುದು. ಪಾರಂಪರಿಕ ಕಟ್ಟಡಗಳ ರಕ್ಷಣೆಯ ಕಾನೂನು ಬೇಡ ಎನ್ನುತ್ತದೆ ಎಂದಷ್ಟೇ ಹೇಳಿ ಸುಮ್ಮನಾಗದೆ, ಹೀಗೆ ಮಾಡಿ ಎಂದು ತೋರಿಸಿಕೊಡುವ ಈ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಬರ್ಲಿನ್ನಿಗೆ ಹೋಗುವವರು, ಅಲ್ಲೇ ಇರುವ ಕನ್ನಡಿಗರು ಅರ್ಧ ದಿನ ಬಿಡುವು ಮಾಡಿಕೊಂಡರೆ ಸಾಕು. ಹೆರ್ಮನ್‌ಪ್ಲಾಟ್ಸ್ ನಿಲ್ದಾಣದಲ್ಲಿ ಯು-7 ಮೆಟ್ರೊ ಹತ್ತಿ, ರೂಡೊ ಕಡೆಗೆ ಹೋಗುವ ಗಾಡಿ. ಆರನೇ ನಿಲ್ದಾಣ ಪಾರ್ಶಿಮರ್ ಆಲೆ. ಅಲ್ಲಿ ಇಳಿದು ಫ್ರಿಟ್ಸ್ ರಾಯ್ಟರ್ ಆಲೆಯಲ್ಲಿ ಉತ್ತರಕ್ಕೆ ನಡೆದರೆ ಎಡಗಡೆ ಲಾಳದ ಬಾಯಿ, ಕೊಳಕ್ಕೆ ಇಳಿಯುವ ಮೆಟ್ಟಿಲು. ಅದೇ ರಸ್ತೆಯ 44ನೇ ಸಂಖ್ಯೆಯಲ್ಲಿ ಮಾಹಿತಿ ಕೇಂದ್ರವಿದೆ, ವಾರದ ಕೆಲವೇ ದಿನ ತೆರೆದಿರುತ್ತದೆ, ಮೊದಲೇ ವಿಚಾರಿಸಿ. ಲಾಳದ ಬಾಯಿ ಪೂರ್ವಕ್ಕಿರುವುದರಿಂದ ಒಳಗಿನ ಬಾಗಿದ ಗೋಡೆಗೂ ಕೆಂಪು ಸಾಲಿಗೂ ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆ. ಫೋಟೊ ತೆಗೆಯುವವರು ಮಧ್ಯಾಹ್ನಕ್ಕೆ ಮುಂಚೆ ಹೋಗಬೇಕು. ಎಲೆ ಉದುರಿದ ಕಾಲದಲ್ಲಿ ಬಾಗು ಪೂರ್ತಿ ಕಾಣುತ್ತದೆ. ಕೈತೋಟಗಳು ಬಾಡಿಗೆದಾರರ ಸ್ವಂತದ್ದು, ಬೇಲಿ ದಾಟಬಾರದು. ಅಲ್ಲಿಂದ ಹಿಂದಿನ ಹ್ಯೂಸುಂಗ್‌ಗೆ ಹೋಗಿ, ಕಾಲಲ್ಲಿ ಶಕ್ತಿಯಿದ್ದರೆ ಪಶ್ಚಿಮಕ್ಕೆ ನಡೆದು ಹಳೆಯ ಜಹಗೀರಿನ ಬ್ರಿಟ್ಸ್ ಬಂಗಲೆಯನ್ನೂ ನೋಡಿಕೊಂಡು ಬರಬಹುದು.