27ಕ್ಕೇ ರಿಟೈರ್ಡ್: ಒಬ್ಬ ಮೋಟೋಕ್ರಾಸ್ ರೇಸರ್‌ನ ಕೆಲಸದ ಕಥೆ

ಎಲ್ಲರಿಗೂ ನಮಸ್ಕಾರ.

2021ರಲ್ಲಿ ಬಿಗ್ ಬಾಸ್ ಕನ್ನಡದ ಎಂಟನೇ ಸೀಸನ್ ಬರುತ್ತಿದ್ದಾಗ ನಮ್ಮ ಅತ್ತೆ ಒಂದು ಪ್ರಶ್ನೆ ಕೇಳಿದರು. "ಈ ಅರವಿಂದ್ ಹುಡುಗ ಚೆನ್ನಾಗಿದ್ದಾನೆ. ಏನು ಕೆಲಸ ಅವನಿಗೆ?" ಬೈಕ್ ರೇಸರ್ ಅತ್ತೆ, ಅಂದೆ. "ಅದು ಸರಿಯಪ್ಪಾ, ಹೊಟ್ಟೆಪಾಡಿಗೆ ಏನು ಮಾಡ್ತಾನೆ?"

ಉಡುಪಿಯ ಕೆ.ಪಿ. ಅರವಿಂದ್ ಅಷ್ಟು ಹೊತ್ತಿಗೆ ಮೋಟೋಕ್ರಾಸ್, ಸೂಪರ್‌ಕ್ರಾಸ್‌ನಲ್ಲಿ ಹಲವು ರಾಷ್ಟ್ರೀಯ ಪಟ್ಟಗಳನ್ನು ಗೆದ್ದಿದ್ದರು. ಮರುಭೂಮಿಯಲ್ಲಿ ದಿನಗಟ್ಟಲೆ ಓಡಿಸಬೇಕಾದ ಡಾಕರ್ ರ‍್ಯಾಲಿಯನ್ನು 2019ರಲ್ಲಿ 37ನೇ ಸ್ಥಾನದಲ್ಲಿ ಮುಗಿಸಿದ್ದರು. ಆದರೂ ನಮ್ಮ ಮನೆಗಳಿಗೆ ಅವರು ಬಂದಿದ್ದು ಬಿಗ್ ಬಾಸ್ ರನ್ನರ್ ಅಪ್ ಆಗಿ. ಇರಲಿ. ಅತ್ತೆಗೆ ಆವತ್ತು ಸರಿಯಾದ ಉತ್ತರ ಕೊಡಲು ನನಗೆ ಬರಲಿಲ್ಲ. ಇವತ್ತು ಕೊಡುತ್ತೇನೆ. ಅದಕ್ಕೆ ಅಮೆರಿಕದ ಮೋಟೋಕ್ರಾಸ್ ರೇಸರ್ ರಿಕಿ ಕಾರ್ಮೈಕಲ್‌ನ ಕಥೆ ತಂದಿದ್ದೇನೆ. ಈ ಆಟ ಪೂರ್ತಿ ಉದ್ಯೋಗವಾಗಿರುವುದು ಅಲ್ಲಿ. ಏಕವಚನದಲ್ಲೇ ಹೇಳುತ್ತೇನೆ, ಬೇಜಾರಿಲ್ಲ ತಾನೆ? ಸಚಿನ್ ಹೊಡೆದ ಅಂತೀವಲ್ಲ, ಹಾಗೆ.

ಮೊದಲು ಆಟ ಏನು ಅಂತ ನೋಡೋಣ. ಮೋಟೋಕ್ರಾಸ್ ನಡೆಯುವುದು ಹೊರಗೆ, ಗುಡ್ಡದಲ್ಲಿ, ನಿಜವಾದ ನೆಲದ ಮೇಲೆ. ಬೇಸಿಗೆ ಬಿಸಿಲು. ಒಂದೇ ಗೇಟಿನ ಹಿಂದೆ 40 ಬೈಕ್. ಒಂದು ದಿನಕ್ಕೆ ಎರಡು ಓಟ, ಒಂದೊಂದೂ 30 ನಿಮಿಷ, ಅದರ ಮೇಲೆ ಎರಡು ಲ್ಯಾಪ್, ಅಂದರೆ ಟ್ರ್ಯಾಕಿನ ಎರಡು ಸುತ್ತು. ಸೂಪರ್‌ಕ್ರಾಸ್ ಸ್ಟೇಡಿಯಂ ಒಳಗಿನದು. ಜನವರಿಯಿಂದ ಮೇವರೆಗೆ, ಶನಿವಾರ ರಾತ್ರಿಗಳಲ್ಲಿ. ಫುಟ್‌ಬಾಲ್ ಮೈದಾನದ ಮೇಲೆ ಪ್ಲೈವುಡ್ ಹಾಸಿ, ಲಾರಿಗಟ್ಟಲೆ ಮಣ್ಣು ಸುರಿದು ಟ್ರ್ಯಾಕ್ ಕಟ್ಟುತ್ತಾರೆ. ರೇಸ್ ಮುಗಿದ ಮೇಲೆ ಅದೇ ಮಣ್ಣನ್ನು ಬಾಚಿಕೊಂಡು ಹೋಗುತ್ತಾರೆ, ಜಾತ್ರೆ ಮುಗಿದ ಹಾಗೆ. 1972ರಲ್ಲಿ ಲಾಸ್ ಏಂಜಲೀಸ್‌ನ ಕಲೋಸಿಯಂನಲ್ಲಿ ಮೊದಲು ಹೀಗೆ ಮಾಡಿದಾಗ ಗೆದ್ದವನು ಮಾರ್ಟಿ ಟ್ರೈಪ್ಸ್. ವಯಸ್ಸು 16. ಟೆಸ್ಟ್ ಕ್ರಿಕೆಟ್‌ಗೂ ಟಿ20ಗೂ ಇರುವಷ್ಟು ವ್ಯತ್ಯಾಸ ಇದೆ ಇವೆರಡರ ನಡುವೆ. ಆದರೆ ರೇಸರ್ ಎರಡನ್ನೂ ಒಂದೇ ವರ್ಷದಲ್ಲಿ ಆಡಬೇಕು.

ಸೂಪರ್‌ಕ್ರಾಸ್‌ನಲ್ಲಿ ವೂಪ್ಸ್ ಅಂತ ಒಂದಿದೆ. ನಮ್ಮೂರ ಶಾಲೆ ಮುಂದಿನ ಹಂಪ್ ನೆನಪಿಸಿಕೊಳ್ಳಿ. ಅದನ್ನು ತೊಡೆಯೆತ್ತರಕ್ಕೆ ಏರಿಸಿ. ಅಂಥ ಒಂದು ಹತ್ತು ಹನ್ನೆರಡನ್ನು ಜಾಗವೇ ಬಿಡದೆ ಒಂದರ ಹಿಂದೆ ಒಂದು ಇಡಿ. ಇದರ ಮೇಲೆ ಹತ್ತಿ ಇಳಿಯುತ್ತಾ ಹೋಗುವ ಹಾಗಿಲ್ಲ. ತುದಿಯಿಂದ ತುದಿಗೆ ತೇಲಿಕೊಂಡು ಹೋಗಬೇಕು. ಮುಂದಿನ ಚಕ್ರ ಒಂದು ಗುಂಡಿಗೆ ಇಳಿಯಿತೋ, ಬೈಕ್ ಅಲ್ಲೇ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಭಯವಾದಾಗ ಕೈ ತಾನಾಗೇ ಆಕ್ಸಿಲರೇಟರ್ ಬಿಡುತ್ತದೆ ಅಲ್ವಾ? ಬಿಟ್ಟರೆ ಮುಂದಿನ ಚಕ್ರ ಇಳಿಯುತ್ತದೆ. ಅಂದರೆ ಭಯವಾದಾಗಲೇ ಜಾಸ್ತಿ ತಿರುಗಿಸಬೇಕು. ಇದನ್ನು ಧೈರ್ಯ ಅಂತ ನಾವು ಹೊರಗಿನಿಂದ ಹೇಳುತ್ತೇವೆ. ಸಾವಿರಾರು ಸಲ ಮಾಡಿ ಮಾಡಿ ಕೈಗೆ ಬರುವ ರೂಢಿ ಅದು.

ನಾನೂ ಒಂದು ಕಾಲದಲ್ಲಿ ಚಿಕ್ಕ ಡರ್ಟ್ ರೇಸ್‌ಗಳಲ್ಲಿ ಓಡಿಸಿದವನು. ಒಂದು ಊರಿನ ರೇಸಲ್ಲಿ ನಾಲ್ಕನೇ ಲ್ಯಾಪ್‌ಗೇ ಮುಂಗೈ ಎರಡೂ ಕಟ್ಟಿಗೆಯಾದವು. ರೇಸರ್‌ಗಳು ಇದಕ್ಕೆ ಆರ್ಮ್ ಪಂಪ್ ಅನ್ನುತ್ತಾರೆ. ಕ್ಲಚ್ ಹಿಡಿಯೋಣ ಅಂದರೆ ಬೆರಳು ನನ್ನ ಮಾತೇ ಕೇಳುತ್ತಿಲ್ಲ. ಜಂಪ್‌ನಲ್ಲಿ ಬಿದ್ದಿದ್ದರೆ ಹೇಳಿಕೊಳ್ಳಲು ಒಂದು ಕಥೆಯಾದರೂ ಇರುತ್ತಿತ್ತು. ಸಪಾಟಾದ ತಿರುವಿನಲ್ಲಿ ಬಿದ್ದೆ, ಕಾಲರ್ ಬೋನ್ ಮುರಿಯಿತು. ಆಯೋಜಕರು ಆಂಬುಲೆನ್ಸ್ ತಂದು ನಿಲ್ಲಿಸಿದ್ದರು, ನಿಜ. ಡ್ರೈವರ್ ಮಾತ್ರ ಟೀ ಕುಡಿಯಲು ಹೋಗಿದ್ದ. ಬೀಗದ ಕೀ ಅವನ ಜೇಬಲ್ಲಿ.

ಸರಿ, ಕಾರ್ಮೈಕಲ್‌ಗೆ ಬರೋಣ. ಹುಟ್ಟಿದ್ದು 1979ರಲ್ಲಿ, ಫ್ಲೋರಿಡಾದಲ್ಲಿ. ಕೆಂಚು ಕೂದಲು, ಗಿಡ್ಡ ಆಳು, ದುಂಡನೆಯ ಮೈಕಟ್ಟು. ಬೈಕಿನ ಮೇಲೆ ಕೂತರೆ ಅಂಥ ಚೆಂದವೇನೂ ಕಾಣುತ್ತಿರಲಿಲ್ಲ. ಚೆಂದ ನೋಡಬೇಕಾದರೆ ಅವನಿಗಿಂತ ಮೊದಲು ರಾಜನಾಗಿದ್ದ ಜೆರೆಮಿ ಮೆಗ್ರಾಥ್‌ನನ್ನು ನೋಡಬೇಕು. 72 ಸೂಪರ್‌ಕ್ರಾಸ್ ಗೆಲುವು, 7 ಪಟ್ಟ, ಬೆಣ್ಣೆಯಿಂದ ಕೂದಲು ತೆಗೆದಂಥ ಸವಾರಿ. ಕಾರ್ಮೈಕಲ್ ಹಾಗಲ್ಲ, ಹೊಡೆದಾಡಿಕೊಂಡೇ ಓಡಿಸುತ್ತಿದ್ದ.

1997ರಲ್ಲಿ, ವೃತ್ತಿಪರನಾಗಿ ಆಡಿದ ಮೊದಲ ಪೂರ್ಣ ವರ್ಷದಲ್ಲೇ, 125 ಸಿಸಿ ಮೋಟೋಕ್ರಾಸ್ ಪಟ್ಟ ಗೆದ್ದ. ಮುಂದಿನ ಎರಡು ವರ್ಷವೂ ಅದೇ. ಎಲ್ಲರೂ ಬಾಯಿ ಬಿಟ್ಟು ನೋಡುವಾಗ ದೊಡ್ಡ ಬೈಕಿನ ಸೂಪರ್‌ಕ್ರಾಸ್‌ಗೆ ಹತ್ತಿದ. ಅಲ್ಲಿ ಬಿತ್ತು ಏಟು. ಬೀಳುವುದು, ಏಳುವುದು, ಮತ್ತೆ ಬೀಳುವುದು. 2000ದ ಸೂಪರ್‌ಕ್ರಾಸ್ ಸೀಸನ್ನಿನಲ್ಲಿ ಇಡೀ ವರ್ಷಕ್ಕೆ ಗೆದ್ದಿದ್ದು ಒಂದೇ ಒಂದು ರೇಸ್, ಡೇಟೋನಾದಲ್ಲಿ. ವೇಗ ಇತ್ತು. ಮೈಯಲ್ಲಿ ದಮ್ಮಿರಲಿಲ್ಲ.

ನನ್ನ ಪ್ರಕಾರ ಅವನ ಕಥೆಯ ನಡುಗಂಬ ಇಲ್ಲಿದೆ. ಬೈಕ್ ಬದಲಾಯಿಸಲಿಲ್ಲ, ಟೀಮ್ ಬದಲಾಯಿಸಲಿಲ್ಲ, ಆಲ್ಡನ್ ಬೇಕರ್ ಅನ್ನುವ ದಕ್ಷಿಣ ಆಫ್ರಿಕಾದ ತರಬೇತುದಾರನನ್ನು ಹಿಡಿದ. ಬೇಕರ್ ಸೈಕ್ಲಿಂಗ್ ಕಡೆಯಿಂದ ಬಂದವನು. ಅವನು ಕೇಳಿದ್ದು ಬೇಜಾರು ಹಿಡಿಸುವ ಕೆಲಸಗಳನ್ನೇ: ಸೈಕಲ್ ತುಳಿ, ತಿನ್ನುವುದನ್ನು ನೋಡಿ ತಿನ್ನು, ಹೊತ್ತಿಗೆ ಸರಿಯಾಗಿ ಮಲಗು. ದಿನಾ. ಮೋಟೋಕ್ರಾಸ್‌ನಲ್ಲಿ ಅರ್ಧ ಗಂಟೆಯೂ ಎದೆ ಪೂರ್ತಿ ವೇಗದಲ್ಲಿ ಬಡಿಯುತ್ತಿರುತ್ತದೆ. ನೂರು ಕೆಜಿ ಮೀರಿದ ಬೈಕನ್ನು ನಿಂತುಕೊಂಡೇ ಕಾಲು, ಸೊಂಟದಲ್ಲಿ ಹಿಡಿದಿರಬೇಕು. ಸುಸ್ತಾದವನ ಕಣ್ಣು ಮೊದಲು ಕೆಳಗಿಳಿಯುತ್ತದೆ. ಕಣ್ಣು ಇಳಿದರೆ ತಪ್ಪು ಬರುತ್ತದೆ, ತಪ್ಪಿಗೆ ಮೂಳೆ ಲೆಕ್ಕ ಕೊಡುತ್ತದೆ.

2001ರಲ್ಲಿ 16 ಸೂಪರ್‌ಕ್ರಾಸ್ ರೇಸ್‌ಗಳಲ್ಲಿ 14 ಗೆದ್ದ. ಮೆಗ್ರಾಥ್‌ಗೆ ಮತ್ತೆ ಪಟ್ಟ ಸಿಗಲೇ ಇಲ್ಲ.

ಇನ್ನೊಂದು ಅಂಕಿ ಹೇಳುತ್ತೇನೆ: 24ಕ್ಕೆ 24. ಹೊರಗಿನ ಮೋಟೋಕ್ರಾಸ್‌ನಲ್ಲಿ 12 ಊರು, ಊರಿಗೆ ಎರಡು ಓಟ. 2002ರಲ್ಲಿ ಹೋಂಡಾದ 250 ಸಿಸಿ ಟೂ ಸ್ಟ್ರೋಕ್ ಮೇಲೆ ಎಲ್ಲ 24 ಓಟಗಳನ್ನೂ ಗೆದ್ದ. ಒಂದು ಕಲ್ಲು ಚೈನಿಗೆ ಸಿಕ್ಕಿದ್ದರೆ, ಒಂದು ಟ್ಯೂಬ್ ಪಂಕ್ಚರ್ ಆಗಿದ್ದರೆ ಲೆಕ್ಕ ತಪ್ಪುತ್ತಿತ್ತು. ಮಂಡಿಯ ಆಪರೇಷನ್ನಿಂದಾಗಿ 2004ರ ಸೂಪರ್‌ಕ್ರಾಸ್ ಪೂರ್ತಿ ಮನೆಯಲ್ಲೇ ಕೂತಿದ್ದವನು, ಬೇಸಿಗೆಗೆ ಫೋರ್ ಸ್ಟ್ರೋಕ್ 450 ಹತ್ತಿ ಮತ್ತೆ 24ಕ್ಕೆ 24 ಮಾಡಿದ. ಈ ಶ್ರೇಯ ಬರೀ ಸವಾರನದ್ದಲ್ಲ. ಮೆಕ್ಯಾನಿಕ್‌ದೂ ಹೌದು. ರೇಸಲ್ಲಿ ರೇಡಿಯೋ ಇಲ್ಲ, ಇಬ್ಬರ ನಡುವೆ ಇರುವುದು ಒಂದು ಬೋರ್ಡ್. ಮೆಕ್ಯಾನಿಕ್ ಟ್ರ್ಯಾಕ್ ಪಕ್ಕ ನಿಂತು ಬರೆದು ತೋರಿಸುತ್ತಾನೆ: ಹಿಂದಿನವನು ಎಷ್ಟು ಸೆಕೆಂಡ್ ದೂರ, ಇನ್ನೆಷ್ಟು ಲ್ಯಾಪ್. ಕೆಲವು ಸಲ ಬರೆದಿರುವುದು ಒಂದೇ ಪದ, "ಉಸಿರಾಡು". ತಮಾಷೆಯಲ್ಲ, ಮರೆತೇ ಹೋಗಿರುತ್ತದೆ.

ಆಮೇಲೆ ಜೇಮ್ಸ್ ಸ್ಟೀವರ್ಟ್ ಬಂದ. ಇವನೂ ಫ್ಲೋರಿಡಾದವನೇ. ಜಂಪಿನ ತುದಿಯಲ್ಲಿ ಬೈಕನ್ನು ಅಡ್ಡ ಮಲಗಿಸಿ, ಮೇಲೆ ಹಾರದೆ ಮುಂದಕ್ಕೆ ಹಾರುವ ಸ್ಕ್ರಬ್ ಅನ್ನುವ ವಿದ್ಯೆ ಇವನ ಹೆಸರಿನಲ್ಲೇ ಇದೆ. ಗಾಳಿಯಲ್ಲಿ ಕಳೆಯುವ ಹೊತ್ತು ಕಮ್ಮಿಯಾಯಿತು, ವೇಗ ಉಳಿಯಿತು. ಬರೀ ವೇಗ ನೋಡಿದರೆ ಸ್ಟೀವರ್ಟೇ ಮೇಲು ಅಂತ ನನ್ನ ಅಭಿಪ್ರಾಯ. 2008ರಲ್ಲಿ ಅವನೂ 24ಕ್ಕೆ 24 ಗೆದ್ದ. ಆದರೆ ಬೀಳುತ್ತಿದ್ದದ್ದೂ ಹಾಗೇ, ಎದೆ ಝಲ್ಲೆನ್ನುವ ಹಾಗೆ. 2014ರಲ್ಲಿ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿ 16 ತಿಂಗಳು ನಿಷೇಧವಾಯಿತು. ಆಮೇಲೆ ಮೊದಲಿನ ಸ್ಟೀವರ್ಟ್ ವಾಪಸ್ ಬರಲಿಲ್ಲ.

ಇವರಿಬ್ಬರ ಜೊತೆಗೆ ಆಸ್ಟ್ರೇಲಿಯಾದ ಚಾಡ್ ರೀಡ್. ಮೂವರೂ 2006ರ ಕೊನೆಯ ಸೂಪರ್‌ಕ್ರಾಸ್‌ಗೆ ಲಾಸ್ ವೇಗಸ್‌ಗೆ ಬಂದಾಗ ಲೆಕ್ಕ ಹೀಗಿತ್ತು. ಕಾರ್ಮೈಕಲ್, ರೀಡ್ ಸಮ ಸಮ. ಸ್ಟೀವರ್ಟ್ 5 ಅಂಕ ಹಿಂದೆ. ಮೊದಲ ಸ್ಥಾನಕ್ಕೆ 25, ಎರಡಕ್ಕೆ 22, ಮೂರಕ್ಕೆ 20. ಸ್ಟೀವರ್ಟ್ ಮುಂದೆ ಹೋದ. ಅಷ್ಟು ವರ್ಷ ಗೆಲ್ಲುವುದನ್ನೇ ಕೆಲಸ ಮಾಡಿಕೊಂಡಿದ್ದ ಕಾರ್ಮೈಕಲ್ ಎರಡನೆಯವನಾಗಿ ಬಂದ, ರೀಡ್ ಮೂರನೆಯವನು. ಕೂಡಿ ನೋಡಿ. ಸ್ಟೀವರ್ಟ್‌ಗೆ 3 ಅಂಕ ಲಾಭವಾಯಿತು, ಬೇಕಿದ್ದದ್ದು ಕನಿಷ್ಠ 5. ರೇಸ್ ಗೆದ್ದವನಿಗೆ ಪಟ್ಟ ಸಿಗಲಿಲ್ಲ, 2 ಅಂಕಗಳಲ್ಲಿ ಕಾರ್ಮೈಕಲ್‌ಗೆ ಹೋಯಿತು. ಅದು ಅವನ ಐದನೇ ಸೂಪರ್‌ಕ್ರಾಸ್ ಪಟ್ಟ. ಇಂಥ ರಾತ್ರಿಯಲ್ಲಿ ಎರಡನೇ ಸ್ಥಾನಕ್ಕೆ ಓಡಿಸುವುದು ಗೆಲ್ಲುವುದಕ್ಕಿಂತ ಕಷ್ಟ. ಬಿದ್ದರೂ ಹೋಯಿತು, ಹೆದರಿ ನಿಧಾನ ಮಾಡಿದರೂ ಹೋಯಿತು.

ಮುಂದಿನ ವರ್ಷ ಆರಿಸಿದ ಕೆಲವೇ ರೇಸ್ ಓಡಿಸಿದ. ಸೆಪ್ಟೆಂಬರ್‌ನಲ್ಲಿ ಮೇರಿಲ್ಯಾಂಡ್‌ನ ಬಡ್ಸ್ ಕ್ರೀಕ್‌ನಲ್ಲಿ ದೇಶ ದೇಶಗಳ ನಡುವಿನ ಮೋಟೋಕ್ರಾಸ್ ನಡೆಯಿತು. ಅಮೆರಿಕ ತಂಡ ಗೆದ್ದಿತು, ಅವನು ಬೈಕ್ ಇಳಿದ. ಒಟ್ಟು 150 ಗೆಲುವು. ವಯಸ್ಸು 27. ನಮ್ಮಲ್ಲಿ ಆ ವಯಸ್ಸಿಗೆ ಹುಡುಗನಿಗೆ ಹೆಣ್ಣು ನೋಡಲು ಶುರು ಮಾಡಿರುತ್ತಾರೆ. ಆಮೇಲೆ ಅಮೆರಿಕದ ಕಾರ್ ರೇಸ್ ನಾಸ್ಕಾರ್‌ನಲ್ಲಿ ಕೈಯಾಡಿಸಿದ, ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಈಗ ಟಿವಿಯಲ್ಲಿ ಸೂಪರ್‌ಕ್ರಾಸ್ ಕಾಮೆಂಟರಿ ಹೇಳುತ್ತಾನೆ, ಡೇಟೋನಾದ ಸೂಪರ್‌ಕ್ರಾಸ್ ಟ್ರ್ಯಾಕಿನ ವಿನ್ಯಾಸವನ್ನೂ ಮಾಡಿಕೊಂಡು ಬಂದಿದ್ದಾನೆ.

ದುಡ್ಡಿನ ವಿಷಯ ಕೇಳುತ್ತೀರಿ ಅಂತ ಗೊತ್ತು. ಮೇಲಿನ ಹತ್ತಿಪ್ಪತ್ತು ಜನಕ್ಕೆ ಬೈಕ್ ಕಂಪನಿಯಿಂದ ಸಂಬಳ, ಗೆದ್ದರೆ ಬೋನಸ್, ಹೆಲ್ಮೆಟ್ ಬೂಟಿನ ಕಂಪನಿಗಳಿಂದ ಬೇರೆ. ಅವರ ಕೆಳಗಿರುವವರು ವ್ಯಾನಿನಲ್ಲಿ ಬೈಕ್ ಹಾಕಿಕೊಂಡು, ತಾವೇ ಡ್ರೈವ್ ಮಾಡಿಕೊಂಡು, ತಾವೇ ಪೆಟ್ರೋಲ್ ಹಾಕಿಸಿಕೊಂಡು ಊರೂರು ತಿರುಗುತ್ತಾರೆ. ನಮ್ಮಲ್ಲಿ ಟಿವಿಎಸ್, ಹೀರೋ ಥರದ ಫ್ಯಾಕ್ಟರಿ ಟೀಮ್ ಸಿಕ್ಕವರು ಕೆಲವರೇ. ಇದನ್ನೆಲ್ಲ ಅತ್ತೆಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಪಿಎಫ್ ಇದೆಯಾ?" ಅಂದರು.

ಅವರ ಪ್ರಶ್ನೆ ಸರಿಯಾಗಿಯೇ ಇದೆ. ಬೆಂಗಳೂರಿನ ಸಿ.ಎಸ್. ಸಂತೋಷ್ ಇದೇ ಮೋಟೋಕ್ರಾಸ್ ಮಣ್ಣಿನಿಂದ ಎದ್ದು ಹೋದವರು. 2015ರಲ್ಲಿ ಡಾಕರ್ ಮುಗಿಸಿದ ಮೊದಲ ಭಾರತೀಯ, 36ನೇ ಸ್ಥಾನ. 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಅದೇ ರ‍್ಯಾಲಿಯಲ್ಲಿ ಬಿದ್ದು ತಲೆಗೆ ಪೆಟ್ಟಾಯಿತು, ಡಾಕ್ಟರುಗಳು ಕೋಮಾದಲ್ಲಿಟ್ಟು ಚಿಕಿತ್ಸೆ ಕೊಟ್ಟರು. ಚೇತರಿಸಿಕೊಂಡು ಮನೆಗೆ ಬಂದರು. ಕೋಲಾರದ ಕಡೆ ಬಿಗ್ ರಾಕ್ ಅನ್ನುವ ಡರ್ಟ್ ಪಾರ್ಕ್ ಇದೆ, ಅವರು ಶುರು ಮಾಡಿದ್ದು. ಬೈಕನ್ನು ಮಣ್ಣಲ್ಲಿ ಓಡಿಸುವುದು ಹೇಗೆ ಅಂತ ಅಲ್ಲಿ ಹೇಳಿಕೊಡುತ್ತಾರೆ. ಹೋಗುವವರು ಮೊದಲು ಒಳ್ಳೇ ಬೂಟು ತಗೊಳ್ಳಿ. ಹೆಲ್ಮೆಟ್ ಎಲ್ಲರೂ ತರುತ್ತಾರೆ, ಬೂಟು ಮರೆಯುತ್ತಾರೆ. ಕಣಕಾಲು ಮುರಿದಾಗಲೇ ನೆನಪಾಗುವುದು.

ನನ್ನ ಮಾತು ಇಷ್ಟೇ. ಹಿಂದಿನ ಸಾಲಿನಲ್ಲಿ ಹೆಲ್ಮೆಟ್ ತೊಡೆ ಮೇಲಿಟ್ಟುಕೊಂಡು ಕೂತ ಹುಡುಗರಿದ್ದೀರಲ್ಲ, ಮೊದಲ ಪ್ರಶ್ನೆ ನಿಮ್ಮದೇ ಇರಲಿ. ಮೈಕ್ ಸ್ವಲ್ಪ ಆ ಕಡೆ ಕೊಡಿ.